ಎರ್ಸಿಲಿಯಕ್ಕನ ಎಡಭುಜ

ನಮ್ಮ ವಾಲ್‌ರೋಸ್ಸದ ಒಪೆರಾ ಮಂದಿರದಲ್ಲಿ ಶಿಳ್ಳೆ ಎಂದರೆ ಮೆಚ್ಚುಗೆಯಲ್ಲ, ಮುಖಕ್ಕೆ ಮಂಗಳಾರತಿ. ಅದನ್ನು ಮಾಡುವವರು ಅಟ್ಟಣಿಗೆಯವರು. ಕೆಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂರುವ ಡಾಕ್ಟರು, ವಕೀಲರು ಎಲ್ಲದಕ್ಕೂ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಮೇಲೆ ಮರದ ಬೆಂಚಿನ ಮೇಲೆ ಒಬ್ಬರ ಮೊಣಕಾಲು ಒಬ್ಬರಿಗೆ ಚುಚ್ಚುವಂತೆ ಕೂರುವ ಗಿಣ್ಣಿನ ಕೆಲಸದವರು, ಸೈಕಲ್ ರಿಪೇರಿಯವರು, ಕಟುಕರು ಮಾತ್ರ ಪ್ರತಿ ಸ್ವರಕ್ಕೂ ಲೆಕ್ಕ ಕೇಳುತ್ತಾರೆ. ಮಿಲಾನ್‌ನಲ್ಲಿ ಹೂಮಳೆ ಸುರಿಸಿಕೊಂಡು ಬಂದವರು ನಮ್ಮ ಅಟ್ಟಣಿಗೆಯ ಕೈಯಲ್ಲಿ ಅತ್ತುಕೊಂಡು ರೈಲು ಹತ್ತಿದ್ದನ್ನು ನಾನೇ ಕಂಡಿದ್ದೇನೆ.

ಎರ್ಸಿಲಿಯಾ ತರಾಸ್ಕೋನಿ ನನ್ನ ದೊಡ್ಡಮ್ಮನ ಮಗಳು. ನಾನು ದೆಲ್ಫೀನಾ, ಮೂವತ್ತನಾಲ್ಕು ವರ್ಷ ಅವಳಿಗೆ ಉಡುಗೆ ತೊಡಿಸಿದವಳು. ಪತ್ರಿಕೆಯವರು ಅವಳ ಬಗ್ಗೆ ಏನೇನೋ ಬರೆದರು, ಕೋಗಿಲೆ ಎಂದರು, ದೇವತೆ ಎಂದರು. ಅವಳ ನಡುಪಟ್ಟಿಯ ದಾರ ಬಿಗಿಯುವಾಗ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದವಳು ನಾನು. ದೇವತೆಗಳು ಹಾಗೆ ಬೈಯುವುದಿಲ್ಲ.

ಚಿಕ್ಕಂದಿನಿಂದಲೂ ಅವಳದು ದೊಡ್ಡ ಗಂಟಲು. ದೊಡ್ಡಪ್ಪನ ಗಿಣ್ಣಿನ ಕಾರ್ಖಾನೆ ಹೊಳೆಯ ಈಚೆ ದಡದಲ್ಲಿತ್ತು, ಹಸುಗಳು ಆಚೆ ದಡದಲ್ಲಿ. ಊಟಕ್ಕೆ ಬಾ ಎಂದು ಇವಳು ಬಾಗಿಲಲ್ಲಿ ನಿಂತು ಕೂಗಿದರೆ ದೊಡ್ಡಪ್ಪನ ಜೊತೆಗೆ ಪಕ್ಕದ ಮೂರು ಹೊಲದವರೂ ಕೆಲಸ ನಿಲ್ಲಿಸುತ್ತಿದ್ದರು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕರು ಇದನ್ನು ಕೇಳಿ ಅವಳನ್ನು ಪಾರ್ಮಾದ ಸಂಗೀತ ಶಾಲೆಗೆ ಸೇರಿಸಿದರು. ಅಲ್ಲಿನ ಮೇಷ್ಟ್ರು ಮೂರು ವರ್ಷ ಒಂದೇ ಮಾತು ಹೇಳಿದರು: ಎಡಭುಜ ಎತ್ತಬೇಡ. ಉಸಿರು ಸಾಲದಾದಾಗೆಲ್ಲ ಅವಳ ಎಡಭುಜ ತಾನಾಗಿಯೇ ಕಿವಿಯ ಕಡೆಗೆ ಹೊರಡುತ್ತಿತ್ತು. ಮೇಷ್ಟ್ರು ಕೋಲಿನಿಂದ ತಟ್ಟಿದರು, ಗದರಿದರು, ಕೊನೆಗೆ ಕೈ ಚೆಲ್ಲಿದರು.

ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಅವಳು ನಮ್ಮೂರಿನಲ್ಲೇ ಮೊದಲ ಸಲ ರಂಗಕ್ಕೆ ಬಂದಳು. ಗಂಡ ಯುದ್ಧದಲ್ಲಿ ಸತ್ತನೆಂದು ಕೇಳಿ ಬುದ್ಧಿ ಕೆಡುವ ರಾಣಿಯ ಪಾತ್ರ. ಎರಡನೆಯ ಅಂಕದಲ್ಲಿ ರಾಣಿಗೆ ಒಂದು ಉದ್ದನೆಯ ಸಾಲು ಇದೆ, ಕೆಳಗಿನಿಂದ ಏರಿ ಮೇಲೆ ನಿಂತು ಮತ್ತೆ ಇಳಿಯುವಂಥದ್ದು. ಒಂದೇ ಉಸಿರಿನಲ್ಲಿ ಹಾಡಬೇಕು. ಎರ್ಸಿಲಿಯಕ್ಕ ಮೇಲೆ ಏರಿದಳು, ನಡುವೆ ಉಸಿರು ಎಳೆದಳು, ಅಟ್ಟಣಿಗೆಯಿಂದ ಒಂದು ಶಿಳ್ಳೆ ಬಂತು. ಒಂದೇ ಒಂದು, ಹರಿತವಾಗಿ. ದೊಡ್ಡಮ್ಮ ಕೆಳಗೆ ಎರಡನೆಯ ಸಾಲಿನಲ್ಲಿ ಕೂತು ಶಿಲುಬೆಯ ಗುರುತು ಹಾಕಿಕೊಂಡಳು.

ಹೊಡೆದವನು ಎಜಿಸ್ತೊ ಬೊಕ್ಕಿ. ಹಂದಿತೊಡೆ ಒಣಗಿಸುವ ಉಗ್ರಾಣದಲ್ಲಿ ಪರೀಕ್ಷೆ ಮಾಡುವ ಕೆಲಸ ಅವನದು. ಉಪ್ಪು ಹಚ್ಚಿ ತಿಂಗಳುಗಟ್ಟಲೆ ತೂಗುಹಾಕಿದ ತೊಡೆಗೆ ಕುದುರೆ ಮೂಳೆಯ ಸೂಜಿ ಚುಚ್ಚಿ ತೆಗೆದು ಮೂಗಿಗೆ ಹಿಡಿಯುತ್ತಾನೆ. ಒಳಗೆ ಕೆಟ್ಟಿದ್ದರೆ ಅಲ್ಲೇ ಹೇಳುತ್ತಾನೆ. ಅವನು ಬೇಡವೆಂದ ತೊಡೆಯನ್ನು ಊರಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎರ್ಸಿಲಿಯಕ್ಕ ನೇರ ಉಗ್ರಾಣಕ್ಕೆ ನಡೆದಳು. ಕೊಲೆ ಗಿಲೆ ಆದೀತೆಂದು ನಾನೂ ಹಿಂದೆಯೇ ಓಡಿದೆ. ಸಾಲುಸಾಲು ತೂಗಿದ ತೊಡೆಗಳ ನಡುವೆ ಅವನು ಸೂಜಿ ಮೂಸುತ್ತಾ ನಿಂತಿದ್ದ.

"ನಿನ್ನೆ ಶಿಳ್ಳೆ ಹೊಡೆದೋನು ನೀನೇನಾ?"

"ನಾನೇ."

"ಯಾಕೆ ಹೊಡೆದೆ?"

"ಎಡಗಡೆ ಭುಜ ಎತ್ತಿದ್ರಿ. ಭುಜ ಮೇಲೆ ಹೋದ್ರೆ ಉಸಿರು ಕೆಳಗೆ ಇಳಿಯಲ್ಲ. ಅದಕ್ಕೇ ಸಾಲು ನಡುವೆ ಕಿತ್ತೋಯ್ತು."

"ನೀನು ಎಲ್ಲಿ ಸಂಗೀತ ಕಲ್ತೋನಪ್ಪಾ?"

"ಕಲ್ತಿಲ್ಲ. ಹನ್ನೆರಡು ವರ್ಷದಿಂದ ಮೇಲೆ ಕೂತು ಕೇಳ್ತಿದೀನಿ." ಹೀಗೆಂದು ಅವನು ಒಂದು ಒಣಗಿದ ತೊಡೆಯನ್ನು ಕೊಕ್ಕೆಯಿಂದ ಇಳಿಸಿ, ಕೇಳದೆಯೇ, ಅವಳ ಎಡಭುಜದ ಮೇಲೆ ಇಟ್ಟ. ಎಂಟು ಕಿಲೋ ಇದ್ದೀತು. "ಈಗ ಹಾಡಿ."

ನಾನು ಕಣ್ಣು ಮುಚ್ಚಿಕೊಂಡೆ. ಏಟಿನ ಸದ್ದು ಬರಲಿಲ್ಲ. ಬಂದದ್ದು ಆ ಉದ್ದನೆಯ ಸಾಲು, ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೇ ಉಸಿರಿನಲ್ಲಿ. ಉಪ್ಪು ಹಚ್ಚುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಎಜಿಸ್ತೊ ತೊಡೆಯನ್ನು ಇಳಿಸಿಕೊಂಡು, "ಉಪ್ಪು ಸರಿಯಾಗಿದೆ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಮುಂದಿನ ವರ್ಷ ಮದುವೆಯಾಯಿತು. ಅಲ್ಲಿಯವರೆಗೆ ನನಗೆ ಅವನು, ಅಂದಿನಿಂದ ಭಾವ, ಅವರು. ಎರ್ಸಿಲಿಯಕ್ಕ ಮಾತ್ರ ಆ ದಿನ ಕೋಪದಲ್ಲಿ ಹಿಡಿದ ಏಕವಚನವನ್ನು ಕೊನೆತನಕ ಬಿಡಲಿಲ್ಲ. ಮದುವೆಯ ಊಟದಲ್ಲಿ ಮೂರನೆಯ ಲೋಟ ಕೆಂಪು ದ್ರಾಕ್ಷಾರಸ ಮುಗಿಸಿ, ಇಡೀ ಅಟ್ಟಣಿಗೆಯ ಮುಂದೆ ಎದ್ದು ನಿಂತು ಹೇಳಿದಳು: "ಎಲ್ಲರೂ ಕೇಳಿಸ್ಕೊಳ್ಳಿ. ಈ ಮನುಷ್ಯ ಇನ್ನೊಂದು ಸಲ ನನಗೆ ಶಿಳ್ಳೆ ಹೊಡೆದ ದಿನ ನಾನು ಹಾಡೋದು ಬಿಡ್ತೀನಿ. ಅದಕ್ಕೆ ಮುಂಚೆ ಯಾರು ಹೇಳಿದ್ರೂ ಬಿಡಲ್ಲ."

ನಮ್ಮ ಅಟ್ಟಣಿಗೆಯಲ್ಲಿ ಒಂದು ಕಟ್ಟಳೆ ಇದೆ. ಹಾಡುವವರ ಮನೆಯವರು ಅಲ್ಲಿ ಕೂತಿದ್ದರೆ ಮೊದಲ ಶಿಳ್ಳೆ ಅವರದು. ಅವರು ಸುಮ್ಮನಿದ್ದರೆ ಎಲ್ಲರೂ ಸುಮ್ಮನಿರಬೇಕು. ಇಲ್ಲದಿದ್ದರೆ ಬೇರೆಯವರ ಮಗುವಿಗೆ ಅವರೆದುರಿಗೇ ಹೊಡೆದ ಹಾಗೆ. ಅಂತೂ ಎರ್ಸಿಲಿಯಕ್ಕನಿಗೆ ಶಿಳ್ಳೆ ಹೊಡೆಯುವ ಹಕ್ಕು ಭಾವನ ಹಲ್ಲಿನ ಸಂದಿಗೆ ಸೇರಿತು.

ಆಮೇಲೆ ಮೂವತ್ತು ವರ್ಷ ನಾವು ಮೂವರೂ ಊರೂರು ಅಲೆದೆವು. ನೇಪಲ್ಸ್, ಪಲೆರ್ಮೊ, ಬ್ಯೂನಸ್ ಐರಿಸ್. ಪೆಟ್ಟಿಗೆಗಳಲ್ಲಿ ನಾನು ಹೊಲಿದ ಉಡುಗೆಗಳು, ಒಂದು ಪೆಟ್ಟಿಗೆಯಲ್ಲಿ ಅಭ್ಯಾಸದ ಹಂದಿತೊಡೆ. ಗಡಿಯ ಅಧಿಕಾರಿ ಇದು ಏನೆಂದು ಕೇಳಿದರೆ ಅಕ್ಕ, "ಸಂಗೀತದ ಸಾಮಾನು" ಎನ್ನುತ್ತಿದ್ದಳು. ಒಬ್ಬ ನಂಬಲಿಲ್ಲ. ಅವನ ಮುಂದೆಯೇ ಭುಜದ ಮೇಲಿಟ್ಟುಕೊಂಡು ಹಾಡಿ ತೋರಿಸಿದಳು, ಅವನು ಕಾಗದಕ್ಕೆ ಮುದ್ರೆ ಒತ್ತಿದ. ನೇಪಲ್ಸ್‌ನಲ್ಲಿ ಮಂದಿರದ ಯಜಮಾನನ ಹೆಂಡತಿ ನೇರಳೆ ಬಣ್ಣದ ಉಡುಪಿನಲ್ಲಿ ಮುಂದಿನ ಸಾಲಿಗೆ ಬಂದು ಕೂತಳು. ಆ ಬಣ್ಣ ರಂಗಕ್ಕೆ ಅಪಶಕುನ, ಕಂಡರೆ ನಮ್ಮವರು ರಂಗಕ್ಕೆ ಕಾಲಿಡುವುದಿಲ್ಲ. ನಾನು ಉಪಾಹಾರದ ಕೋಣೆಯ ಮೇಜಿನ ಬಿಳಿ ಬಟ್ಟೆ ತಂದು ಆಕೆಗೆ ಹೊದೆಸಿದೆ. ಆಕೆ ಮೂರು ಅಂಕವನ್ನೂ ಬಡಿಸಲು ಸಿದ್ಧವಾದ ಮೇಜಿನಂತೆ ಕೂತು ನೋಡಿದಳು.

ಭಾವ ಎಲ್ಲಿ ಹೋದರೂ ಅಟ್ಟಣಿಗೆಯಲ್ಲೇ ಕೂರುತ್ತಿದ್ದರು. ತೆರೆ ಬಿದ್ದ ಮೇಲೆ ಒಳಗೆ ಬಂದು ಒಂದೇ ಮಾತು. "ಮೊದಲನೇ ಅಂಕ ಇನ್ನೂ ಎರಡು ತಿಂಗಳು ತೂಗ್ಬೇಕು." "ಕೊನೇಲಿ ಉಪ್ಪು ಜಾಸ್ತಿ." ಗಂಡು ಗಾಯಕರನ್ನೂ ಬಿಡುತ್ತಿರಲಿಲ್ಲ. ಒಬ್ಬ ಹೆಸರಾಂತ ಹೀರೋನನ್ನು ನೋಡಿ, "ಇದು ಮಾರ್ಚ್ ತನಕ ಬಾಳಲ್ಲ" ಎಂದರು. ಫೆಬ್ರುವರಿಯಲ್ಲಿ ಅವನ ಗಂಟಲು ಹೋಯಿತು. ಅಕ್ಕ ಪತ್ರಿಕೆಯ ಹೊಗಳಿಕೆಯನ್ನು ನನ್ನ ಕಡೆಗೆ ಎಸೆದು ಭಾವನ ಮಾತನ್ನು ಮಾತ್ರ ಎದೆಗೆ ಹಾಕಿಕೊಳ್ಳುತ್ತಿದ್ದಳು.

ಎಂಬತ್ತೆರಡರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಕಾಫಿ ಪಾತ್ರೆ ಬುಸುಗುಟ್ಟಿ ಉಕ್ಕಿ ಸುರಿಯುತ್ತಿದೆ, ಒಂದು ಮೊಳ ದೂರದಲ್ಲಿ ಭಾವ ಪೇಪರ್ ಓದುತ್ತಾ ಕೂತಿದ್ದಾರೆ. ನನಗೆ ಅನುಮಾನ ಬಂತು. ಅವರ ಬೆನ್ನಿನ ಹಿಂದೆ ನಿಂತು ಹಿತ್ತಾಳೆಯ ದೊಡ್ಡ ಮುಚ್ಚಳವನ್ನು ಕಲ್ಲಿನ ನೆಲಕ್ಕೆ ಬಿಟ್ಟೆ. ಬೆಕ್ಕು ಕಿಟಕಿಯಿಂದ ಹಾರಿತು. ಭಾವ ಪುಟ ತಿರುವಿದರು.

ಆಮೇಲೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. "ನಮ್ಮಪ್ಪನಿಗೂ ಹೀಗೇ ಆಗಿತ್ತು. ನಿಮ್ಮಕ್ಕಂಗೆ ಹೇಳ್ಬೇಡ ದೆಲ್ಫೀನಾ."

ಮುಖದೆದುರು ನಿಂತು ನಿಧಾನವಾಗಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಹಾಗೆಯೇ ಕೇಳಿದೆ, "ಎಷ್ಟು ದಿನ ಮುಚ್ಚಿಡ್ತೀರಾ ಭಾವ?"

"ಅವಳು ನನ್ನ ಕಿವಿ ನಂಬ್ಕೊಂಡು ಬಾಯಿ ತೆಗೀತಾಳೆ. ಕಿವಿ ಇಲ್ಲ ಅಂದ್ರೆ ನಾಳೆಯಿಂದ ಹೆದರ್ಕೊಂಡು ಹಾಡ್ತಾಳೆ. ನೀನು ಪಕ್ಕದಲ್ಲೇ ನಿಂತು ಕೇಳ್ತೀಯಲ್ಲ, ನನಗೆ ಸನ್ನೆ ಮಾಡು. ನಾನು ಅವಳಿಗೆ ಹೇಳ್ತೀನಿ."

ಹೀಗೆ ನಾನು ಭಾವನ ಕಿವಿಯಾದೆ. ತೆರೆ ಬಿದ್ದ ತಕ್ಷಣ ಮೆಟ್ಟಿಲ ಬಳಿ ಅವರನ್ನು ಹಿಡಿದು ನಾಲ್ಕು ಮಾತು ತುಟಿಯಾಡಿಸುತ್ತಿದ್ದೆ, ಅವರು ಒಳಗೆ ಹೋಗಿ ಅದನ್ನು ಗಂಭೀರವಾಗಿ ಒಪ್ಪಿಸುತ್ತಿದ್ದರು. "ಭಾವನೆ ಇನ್ನೂ ಸ್ವಲ್ಪ ಬರಬೇಕಿತ್ತು." "ದನಿ ಮೃದುವಾಗಿತ್ತು." ಅಕ್ಕ ಒಮ್ಮೆ ಅವರನ್ನು ಮೇಲಿಂದ ಕೆಳಗೆ ನೋಡಿ, "ವಯಸ್ಸಾದ ಹಾಗೆ ನಿನ್ನ ಮಾತು ನಯವಾಗ್ತಿದೆ" ಎಂದಳು. ನಾವಿಬ್ಬರೂ ಹೆಮ್ಮೆಪಟ್ಟೆವು.

ತೊಂದರೆ ಎಂದರೆ ಅಕ್ಕನ ಉಸಿರೂ ಕುಗ್ಗುತ್ತಿತ್ತು. ಮೊದಲೆಲ್ಲ ಅವಳು ಉಸಿರು ತುಂಬಿಕೊಂಡರೆ ನಡುಪಟ್ಟಿಯ ದಾರ ನನ್ನ ಬೆರಳು ಕೊಯ್ಯುವಷ್ಟು ಬಿಗಿಯುತ್ತಿತ್ತು. ಈಗ ದಾರ ಸಡಿಲವಾಗಿಯೇ ಇರುತ್ತಿತ್ತು. ಮೇಲಿನ ಸ್ವರಗಳು ಕೂದಲೆಳೆಯಷ್ಟು ಕೆಳಗೆ ನಿಲ್ಲತೊಡಗಿದವು, ಮುಂದಿನ ವರ್ಷ ಎರಡು ಕೂದಲೆಳೆ. ಭುಜ ಮತ್ತೆ ಎದ್ದಿತು. ನಾನು ಎಡಗಡೆಗೆ ಒಂದು ದೊಡ್ಡ ಜರತಾರಿ ಗೊಂಡೆ ಹೊಲಿದು ಮುಚ್ಚಿದೆ. ಭಾವನಿಗೆ ಮಾತ್ರ ಪ್ರತಿ ಸಲವೂ "ಚೆನ್ನಾಗಿತ್ತು" ಎಂದೇ ತುಟಿಯಾಡಿಸಿದೆ. ಅದು ತಪ್ಪು. ಆಗಲೂ ಗೊತ್ತಿತ್ತು. ಆದರೆ ಮೂವತ್ತು ವರ್ಷ ಅವಳ ಬೆನ್ನ ಹಿಂದೆ ನಿಂತವಳು ನಾನು, ಅವಳ ಹಾಡು ಮುಗಿಯಿತೆಂದು ಹೇಳುವ ಬಾಯಿ ನನಗಿರಲಿಲ್ಲ.

ಎಂಬತ್ತೈದರ ವಸಂತದಲ್ಲಿ ನಮ್ಮೂರಿನ ಮಂದಿರದ ರಿಪೇರಿ ಮುಗಿಯಿತು. ಬಾಗಿಲು ತೆರೆಯುವ ಭಾನುವಾರ ಮಧ್ಯಾಹ್ನ ಎರ್ಸಿಲಿಯಕ್ಕನೇ ಹಾಡಬೇಕೆಂದು ಊರು ಕೇಳಿತು, ಅದೇ ರಾಣಿಯ ಪಾತ್ರ. ಅಕ್ಕ ಒಪ್ಪಿಕೊಂಡಳು. ಎರಡು ವಾರ ಮುಂಚೆ ಅಟ್ಟಣಿಗೆಯ ನಾಲ್ವರು ಮನೆಗೆ ಬಂದರು, ಸೈಕಲ್ ರಿಪೇರಿಯ ಒತ್ತೊರೀನೊ ಮುಂದಾಳು. ಅಕ್ಕ ಚರ್ಚಿಗೆ ಹೋದ ಹೊತ್ತು ನೋಡಿಯೇ ಬಂದಿದ್ದರು.

"ಎಜಿಸ್ತೊ, ಕ್ರಿಸ್ಮಸ್‌ನಲ್ಲಿ ಚರ್ಚ್ ಹಾಲ್‌ನಲ್ಲಿ ನಿನ್ನ ಹೆಂಡ್ತಿ ಹಾಡಿದ್ದು ಕೇಳಿದ್ವಿ" ಎಂದ ಒತ್ತೊರೀನೊ. "ನನಗೆ ಹಲ್ಲುನೋವು ಬಂತು. ನೀನು ಸುಮ್ನೆ ಕೂತಿದ್ದೆ, ನಾವೂ ಸುಮ್ನೆ ಕೂತ್ವಿ. ಹಾಲ್‌ನಲ್ಲಿ ಆಯ್ತು, ಹೋಗ್ಲಿ ಬಿಡು. ಮಂದಿರದಲ್ಲಿ ಆಗಲ್ಲ. ನೀನು ಹೊಡೀ, ಇಲ್ಲಾ ನಮಗೆ ಬಿಡು."

ಅವನ ಮೀಸೆ ದಪ್ಪ, ತುಟಿ ಕಾಣುವುದಿಲ್ಲ. ಭಾವ ನನ್ನ ಕಡೆ ತಿರುಗಿದರು. "ಶುಭ ಹಾರೈಸೋಕೆ ಬಂದಿದಾರೆ" ಎಂದು ನಾನು ತುಟಿಯಾಡಿಸಿದೆ.

ಭಾವ ನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿದರು. ತೊಡೆ ಕೆಟ್ಟಿದೆಯೆಂದು ತಿಳಿಯಲು ಅವರು ಮೂಸಿಯೇ ನೋಡಬೇಕೆಂದೇನೂ ಇರಲಿಲ್ಲ. "ದೆಲ್ಫೀನಾ, ನಿಜ ಹೇಳು."

ಹೇಳಿದೆ. ಅಳುತ್ತಾ ಹೇಳಿದ್ದರಿಂದ ಎರಡೆರಡು ಸಲ ಹೇಳಬೇಕಾಯಿತು. ಭಾವ ಕಿವುಡರೆಂದು ಒತ್ತೊರೀನೊಗೆ ಆಗಲೇ ಗೊತ್ತಾದದ್ದು, ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತಾ ನಿಂತ.

"ಮೂರು ವರ್ಷ ನಂಗೆ ಸುಳ್ಳು ಕಿವಿ ಆಗಿದ್ಯಲ್ಲ ನೀನು" ಎಂದರು ಭಾವ. ಬೈಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು. ಆಮೇಲೆ ಒತ್ತೊರೀನೊಗೆ ಹೇಳಿದರು: "ಎರಡನೇ ಅಂಕದ ಉದ್ದ ಸಾಲಿನ ತನಕ ಬಾಯಿ ಮುಚ್ಕೊಂಡು ಕೂತಿರಿ. ನನಗೆ ಕಿವಿ ಇಲ್ಲ, ಕಣ್ಣಿದೆ. ಭುಜ ಎದ್ರೆ ನಾನೇ ಹೊಡೀತೀನಿ. ಏಳ್ಲಿಲ್ಲ ಅಂದ್ರೆ ಯಾರೂ ಹೊಡೆಯೋ ಹಾಗಿಲ್ಲ. ಅವಳಿಗೆ ಅನ್ಯಾಯ ಆಗ್ಬಾರ್ದು."

ಮಾತು ಘನವಾಗಿತ್ತು. ಆದರೆ ಭಾವನಿಗೆ ಅರವತ್ತೆಂಟು, ಹಲ್ಲೆಲ್ಲ ಕಟ್ಟಿಸಿದ್ದು. ಶಿಳ್ಳೆ ಬರುತ್ತದೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ, ಬಂದರೂ ಅವರಿಗೆ ಕೇಳುವ ಹಾಗಿರಲಿಲ್ಲ. ಹಾಗಾಗಿ ಒಂದು ವಾರ ದಿನವೂ ನಾನು ಅವರ ಜೊತೆ ಮನೆಯ ನೆಲಮಾಳಿಗೆಗೆ ಇಳಿದೆ, ಅಕ್ಕ ಮೇಲೆ ಪಿಯಾನೊ ಮುಂದೆ ಕೂತ ಹೊತ್ತಿಗೆ.

"ಬಂತಾ?"

"ಇಲ್ಲ ಭಾವ, ಬರೀ ಗಾಳಿ."

"ಈಗ?"

"ಎಂಜಲು ಬಂತು."

ನಾಲ್ಕನೆಯ ದಿನ ಹಲ್ಲಿನ ಕಟ್ಟು ತೆಗೆದು ಜೇಬಿಗೆ ಹಾಕಿಕೊಂಡು ಎರಡು ಬೆರಳು ಬಾಯಿಗಿಟ್ಟು ಊದಿದರು. ಶೀಸೆಗಳು ನಡುಗಿದವು. ನನ್ನ ಮುಖ ನೋಡಿಯೇ ಬಂತೆಂದು ತಿಳಿದುಕೊಂಡರು. ಅಲ್ಲೇ ಒಂದು ಪೀಪಾಯಿಯ ಮೇಲೆ ಕೂತು, ಬೊಚ್ಚು ಬಾಯಲ್ಲಿ, "ಬರದೇ ಇದ್ದಿದ್ರೆ ಚೆನ್ನಾಗಿತ್ತು" ಎಂದರು.

ಭಾನುವಾರ ಬಂತು. ಹಸಿರು ಮಖಮಲ್ಲಿನ ಉಡುಗೆ ತೊಡಿಸಿ ಮುಗಿಸಿದ್ದೆ. ಅಕ್ಕ ಕನ್ನಡಿಯಲ್ಲಿ ನೋಡಿಕೊಂಡು, "ಈ ಗೊಂಡೆ ತೆಗಿಯೇ" ಎಂದಳು.

"ಅದಿದ್ರೇ ಚೆಂದ ಅಕ್ಕ."

"ತೋಳೂ ಬಿಚ್ಚು. ಎಡಗಡೆ ಭುಜ ಪೂರ್ತಿ ಕಾಣ್ಬೇಕು."

"ಈ ವಯಸ್ಸಲ್ಲಿ ಭುಜ ತೋರಿಸ್ಕೊಂಡು ನಿಲ್ತೀಯಾ?"

"ರಾಣಿಗೆ ಬುದ್ಧಿ ಕೆಟ್ಟಿದೆ ಕಣೇ, ಸೆಖೆ ಆಗ್ತಿರತ್ತೆ. ಬಿಚ್ಚು ಅಂದೆ."

ಬಿಚ್ಚಿದೆ. ಕತ್ತರಿ ಜಾರಿ ಅವಳಿಗೊಂದು ಗೀರು ಬಿತ್ತು, ಅವಳು ಬೈಯ್ಯಲಿಲ್ಲ. ಅವಳು ಬೈಯ್ಯದೆ ಇದ್ದದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಮೊದಲ ಅಂಕ ಹೇಗೋ ದಾಟಿತು. ಎರಡನೆಯ ಅಂಕದಲ್ಲಿ ನಾನು ತೆರೆಯ ಸಂದಿಯಿಂದ ಮೇಲೆ ನೋಡಿದೆ. ಭಾವ ಕಂಬಿಯ ಪಕ್ಕ ಕೂತು ದೂರದರ್ಶಕವನ್ನು ಕಣ್ಣಿಗೆ ಒತ್ತಿ ಹಿಡಿದಿದ್ದರು, ಕೆನ್ನೆ ಒಳಗೆ ಹೋಗಿತ್ತು, ಹಲ್ಲು ಜೇಬಿಗೆ ಇಳಿದಾಗಿತ್ತು. ಅಕ್ಕ ಉದ್ದನೆಯ ಸಾಲು ಎತ್ತಿಕೊಂಡಳು. ಕೆಳಗಿನ ಸ್ವರಗಳು ಇನ್ನೂ ಹಳೆಯ ಎರ್ಸಿಲಿಯಳವೇ. ಏರಿದಳು. ಮೇಲೆ ತಲುಪುವ ಮುಂಚೆ ಉಸಿರು ಮುಗಿಯಿತು. ದೀಪದ ಬೆಳಕಿನಲ್ಲಿ ಬರಿಯ ಎಡಭುಜ ನಿಧಾನವಾಗಿ, ಇಡೀ ಮಂದಿರಕ್ಕೆ ಕಾಣುವಂತೆ, ಮೇಲೆ ಬಂತು.

ಶಿಳ್ಳೆ ಬಂತು. ಒಂದೇ ಒಂದು.

ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಅಕ್ಕ ಮೇಲೆ ನೋಡಿದಳು, ಬಲಗೈಯನ್ನು ಆ ಭುಜದ ಮೇಲಿಟ್ಟು ಅಟ್ಟಣಿಗೆಗೆ ತಲೆಬಾಗಿದಳು. ಆಮೇಲೆ ಕಡ್ಡಿ ಹಿಡಿದು ನಿಂತಿದ್ದ ನಿರ್ದೇಶಕನಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಹಿಡಿದ ಕೆಲಸ ಮುಗಿಸೋಣ, ಮೇಷ್ಟ್ರೇ."

ಉಳಿದದ್ದನ್ನೆಲ್ಲ ಹಾಡಿದಳು. ಕೆಲವು ಸ್ವರ ತಪ್ಪಿದವು, ಯಾರೂ ಕೆಮ್ಮಲೂ ಇಲ್ಲ. ಕೊನೆಗೆ ಅಟ್ಟಣಿಗೆ ಪೂರ್ತಿ ಎದ್ದು ನಿಂತು ತಟ್ಟಿದ ಚಪ್ಪಾಳೆಗೆ ಹೊಸದಾಗಿ ಬಳಿದ ಸುಣ್ಣ ಉದುರಿತು. ಒತ್ತೊರೀನೊ ಕಣ್ಣು ಒರೆಸುತ್ತಾ ನೆಗಡಿ ಎಂದನಂತೆ.

ಒಳಗೆ ಬಂದ ಮೇಲೆ ದಾರ ಬಿಚ್ಚುತ್ತಾ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅಕ್ಕ ಮುಖದ ಬಣ್ಣ ಒರೆಸಿಕೊಳ್ಳುತ್ತಲೇ ಇದ್ದಳು.

"ಅವನಿಗೆ ಕಿವಿ ಕೇಳಲ್ಲ ಅಂತ ನಂಗೆ ಮೂರು ವರ್ಷದಿಂದ ಗೊತ್ತು ಕಣೇ. ಮೂವತ್ತು ವರ್ಷ ಉಪ್ಪು, ಒಣಗಿಲ್ಲ, ತೂಗ್ಬೇಕು ಅಂತಿದ್ದೋನು ಇದ್ದಕ್ಕಿದ್ದ ಹಾಗೆ 'ಭಾವನೆ ಬರಬೇಕಿತ್ತು' ಅಂದ. ಅದು ನಿನ್ನ ಮಾತು. ನಿಂಗೆ ಭಾವನೆ ಬಿಟ್ರೆ ಏನು ಗೊತ್ತು?"

"ಮತ್ತೆ ನೀನೇ ಯಾಕೆ ಹಾಡೋದು ಬಿಡ್ಲಿಲ್ಲ?"

"ಅವನು ಹೊಡೆಯೋಕೆ ಮುಂಚೆ ಬಿಟ್ರೆ, ಅವನಿಗೆ ಕೇಳಲ್ಲ ಅಂತ ನಂಗೆ ಗೊತ್ತು ಅಂತ ಅವನಿಗೆ ಗೊತ್ತಾಗ್ತಿರ್ಲಿಲ್ವಾ? ಕಾಯ್ತಿದ್ದೆ. ಒಂದು ವಾರದಿಂದ ನೆಲಮಾಳಿಗೇಲಿ ಶಿಳ್ಳೆ ಅಭ್ಯಾಸ ನಡೀತಿತ್ತಲ್ಲ. ನಾನೇನು ಕಿವುಡಿಯಾ?"

"ಹಂಗಾದ್ರೆ ಭುಜ ನೀನು ಬೇಕಂತಲೇ ಎತ್ತಿದ್ಯಾ ಅಕ್ಕ?"

"ದಾರ ಎಳೀಬೇಡ, ನೋಯತ್ತೆ" ಎಂದಳು. ಇವತ್ತಿನವರೆಗೂ ಅದಕ್ಕೆ ಉತ್ತರ ಕೊಟ್ಟಿಲ್ಲ.

ಭಾವ ಬಾಗಿಲಲ್ಲಿ ನಿಂತಿದ್ದರು, ಹಲ್ಲು ಕಟ್ಟಿಕೊಂಡು, ಟೋಪಿ ಕೈಯಲ್ಲಿ ಹಿಡಿದು. ಅಕ್ಕ ಅವರ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಪದ ಬಿಡಿಸಿ ಹೇಳಿದಳು: "ನಿನ್ನ ಕಿವಿ ಇನ್ನೂ ಚುರುಕಾಗಿದೆ."

"ಮತ್ತೆ, ಇದ್ದಕ್ಕಿದ್ದ ಹಾಗೆ ಹೋಗ್ಬಿಡತ್ತಾ" ಎಂದರು ಭಾವ. ಇಬ್ಬರೂ ಮುಖದಲ್ಲಿ ಒಂದು ಗೆರೆ ಅಲುಗಿಸಲಿಲ್ಲ. ಅಳು ತಡೆಯಲಾರದೆ ನಾನೇ ಹೊರಗೆ ಬಂದೆ.

ಈಗ ಅಕ್ಕ ಅಡುಗೆಮನೆಯಲ್ಲಿ ಮಾತ್ರ ಹಾಡುತ್ತಾಳೆ. ಹಿಟ್ಟು ಲಟ್ಟಿಸಿ, ಗಿಣ್ಣಿನ ಹೂರಣ ತುಂಬಿ, ಸಾರಿಗೆ ಬಿಡಲು ಪುಟ್ಟ ಕಡುಬು ಮಾಡುತ್ತಾ ಆ ಉದ್ದನೆಯ ಸಾಲು ಎತ್ತಿಕೊಳ್ಳುತ್ತಾಳೆ. ನಾಲ್ಕು ಕಡೆ ಉಸಿರು ಎಳೆಯುತ್ತಾಳೆ, ನಾಲ್ಕು ಸಲವೂ ಭುಜ ಏಳುತ್ತದೆ. ಭಾವ ಮೇಜಿನ ಎದುರು ಬದಿಯಲ್ಲಿ ಕೂತು ಕಣ್ಣು ಕೀಳದೆ ನೋಡುತ್ತಾರೆ. ಮೊನ್ನೆ ಹಾಡು ಮುಗಿದ ಮೇಲೆ ಅಕ್ಕ ಲಟ್ಟಣಿಗೆ ಹಿಡಿದೇ ಅವರ ಕಡೆ ತಿರುಗಿ ಕಾದಳು.

"ಉಪ್ಪು ಸರಿಯಾಗಿದೆ" ಎಂದರು ಭಾವ. ಸಾರು ಇನ್ನೂ ಒಲೆಯ ಮೇಲೇ ಇತ್ತು.